ಮೀನಿಗೆ ಹೇಳಿದ ಮಾತು

ನಮ್ಮ ಮಾವನವರ ಬಲಗಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲೇ ಜವಳಿ ಅಂಗಡಿ ನಡೆಸುವವರು. ಬಟ್ಟೆ ಅಳೆದು ಗೆರೆ ಎಳೆದರೋ ಇಲ್ಲವೋ, ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಕಿವಿಯ ಕೂದಲೆಲ್ಲ ಬೆಳ್ಳಗಾಗಿ, ಯಾವುದು ಬೆಳಗಿನ ವಿಭೂತಿ, ಯಾವುದು ಅಂಗಡಿಯ ಸುಣ್ಣ ಎಂದು ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ನಾನು ನೋಡಿದ್ದು ಬಾಗಿಲ ಮರೆಯಿಂದ. ಮದುವೆಯಾಗಿ ಅಫಜಲಪುರಕ್ಕೆ ಬಂದು ವರ್ಷಗಳೇ ಕಳೆದಿದ್ದರೂ ಅವರ ಎದುರು ನಿಂತು ಒಂದು ಮಾತು ಆಡಿದವಳಲ್ಲ ನಾನು.

ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಪದ್ಧತಿಯೇ ಹಾಗಿತ್ತು. ಸೊಸೆ ಮಾವನ ಮುಂದೆ ತಲೆಯ ಮೇಲಿನ ಸೆರಗು ಇಳಿಸಬಾರದು, ಕೂಡಬಾರದು, ನೇರವಾಗಿ ಮಾತಾಡಬಾರದು. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಅವರಿಗೆ ಮುಟ್ಟಿಸಬೇಕು. ‘ಊಟಕ್ಕೆ ಬರಬೇಕು’ ಎಂದು ನಾನು ಹೇಳಿದ ಮಾತು ಅತ್ತೆಯ ಬಾಯಿಂದ ಹೊರಬೀಳುವಾಗ “ಅಲ್ರೀ, ರೊಟ್ಟಿ ಆರಿ ಹಪ್ಪಳ ಆಗಾಕತ್ತಾವ, ಇವತ್ತ ಬಟ್ಟೀನೇ ತಿಂತೀರೇನು?” ಎಂದು ಆಗಿರುತ್ತಿತ್ತು. ಈ ಸೊಸೆ ಎಷ್ಟು ಬಾಯಿಬಡುಕಿ ಎಂದು ಅವರು ಅಂದುಕೊಂಡಿರಬೇಕು.

ಒಂದು ವರ್ಷ ಶಿವರಾತ್ರಿಯ ಸುಮಾರಿಗೆ, ನಾನು ಬಾಣಂತನಕ್ಕೆ ತವರಿಗೆ ಹೋಗುವ ಮೊದಲೇ ನೋವು ಕಾಣಿಸಿಕೊಂಡು ಹೆಣ್ಣು ಕೂಸು ಹುಟ್ಟಿತು. ದಿನ ತುಂಬಿರಲಿಲ್ಲ. ಒಂದು ಹಗಲು ಇದ್ದು ಹೋಗಿಬಿಟ್ಟಿತು. ಆಮೇಲೆ ನನಗೆ ಊಟ ಬೇಡವಾಯಿತು, ಮಾತು ಬೇಡವಾಯಿತು. ಅಡುಗೆಮನೆಯ ಗೋಡೆಗೆ ಒರಗಿ ಕೂತರೆ ಹೊತ್ತು ಮುಳುಗಿದ್ದೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಯಾರೂ ಕೂಸಿನ ಮಾತು ಎತ್ತುತ್ತಿರಲಿಲ್ಲ. ಎತ್ತಿದರೆ ನಾನು ಇನ್ನಷ್ಟು ಕಂಗೆಡುತ್ತೇನೆಂದು ಅವರ ಭಯ. ನನ್ನ ಯಜಮಾನರು ಬಟ್ಟೆಯ ಗಂಟು ಹೊತ್ತು ಕರಜಗಿ ಮತ್ತು ಸುತ್ತಲಿನ ಸಂತೆಗಳಿಗೆ ಹೋಗುತ್ತಿದ್ದರು. ಒಳ್ಳೆಯವರೇ, ಆದರೆ ತಾಯಿಯ ಮುಂದೆ ಅವರಿಗೆ ದನಿ ಏಳುತ್ತಿರಲಿಲ್ಲ.

ಒಂದು ದಿನ ಅತ್ತೆ ಮಾವನವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. “ಪಂಚಮಿಗೆ ಆಕಿ ಅಣ್ಣ ಅಂದೋಲಾದಿಂದ ಕರ್ಯಾಕ ಬರ್ತಾನ. ಹೋಗಿ ತವರಾಗೇ ಇರ್ಲಿ. ತಿರುಗಿ ಕರಸೂದು ಆಮ್ಯಾಲ ನೋಡೂಣು.” ಆ ‘ಆಮ್ಯಾಲ’ದ ಅರ್ಥ ನನಗೆ ಗೊತ್ತಿತ್ತು. ಅತ್ತೆಯ ತವರಿನಲ್ಲಿ ಹೀಗೆಯೇ ನಾಗರಪಂಚಮಿಗೆಂದು ತನ್ನ ತವರಿಗೆ ಹೋದ ಸೊಸೆಯೊಬ್ಬಳನ್ನು ಮತ್ತೆ ಕರೆಸಿರಲೇ ಇಲ್ಲ. ಮಗನಿಗೆ ಇನ್ನೊಂದು ಹೆಣ್ಣು ತಂದಿದ್ದರು. ಮಾವನವರು ಮರುದಿನ ಮಾಲು ತರಲು ಸೊಲ್ಲಾಪುರಕ್ಕೆ ಹೋದರು.

ಅಲ್ಲಿಂದ ಬಂದವರು ಊಟಕ್ಕೆ ಕೂತಾಗ, ಅಲ್ಲಿಯ ವ್ಯಾಪಾರಿಯೊಬ್ಬರ ಗದ್ದುಗೆಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದ್ದನ್ನು ವರ್ಣಿಸಿದರು. ನಾವೂ ಒಂದು ಮಾಡೋಣ ಅಂದರು. ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಲಿಂಗಾ ಕಟ್ಟಿದೋರ ಮನ್ಯಾಗ ಮೀನ? ಮಂದಿ ಏನಂದಾರು?”

“ನೋಡಾಕ ತರ್ತೇನಿ, ಸಾರು ಮಾಡಾಕ ಅಲ್ಲ,” ಅಂದರು ಅವರು.

ಹೊಸ ಪೆಟ್ಟಿಗೆ ಕೊಳ್ಳುವ ಮಾತೇ ಇರಲಿಲ್ಲ. ಗೇಣುದ್ದದ ಚಿಂದಿಯನ್ನೂ ಎಸೆಯದ ಮನುಷ್ಯ. ಅಂಗಡಿಯ ಹಳೆಯ ಶೋಕೇಸಿನ ದಪ್ಪ ಗಾಜು ಅಟ್ಟದ ಮೇಲಿತ್ತು. ಫೋಟೋಗಳಿಗೆ ಕಟ್ಟು ಹಾಕುವವರಿಂದ ಅದನ್ನು ಕೊಯ್ಯಿಸಿದರು, ಮುರಿದ ಮಂಚದ ಕಬ್ಬಿಣದ ಪಟ್ಟಿಗಳಿಂದ ಚೌಕಟ್ಟು ಬೆಸೆಸಿದರು, ತಳಕ್ಕೆ ನೆಲಹಾಸಿನಲ್ಲಿ ಉಳಿದಿದ್ದ ಶಾಬಾದಿ ಕಲ್ಲು ಕೂಡಿಸಿದರು. ಗಾಳಿ ಊದುವ ಯಂತ್ರ ತರಲಿಲ್ಲ. ನಮ್ಮೂರಿನ ಕರೆಂಟು ನಂಬಿ ಜೀವ ಸಾಕಲಾಗದು ಅನ್ನುವುದು ಅವರ ವಾದ. ಅದಕ್ಕೇ ಪೆಟ್ಟಿಗೆಯನ್ನು ಎತ್ತರ ಮಾಡಿಸದೆ ಅಗಲ ಮಾಡಿಸಿದರು. ನೀರಿನ ಮೈ ಅಗಲವಿದ್ದಷ್ಟೂ ಗಾಳಿ ತಾನೇ ಇಳಿಯುತ್ತದಂತೆ.

ಪೆಟ್ಟಿಗೆ ಪಡಸಾಲೆಗೆ ಬಂದ ದಿನ ಭೀಮಾ ನದಿಯ ದಪ್ಪ ಮರಳು ತುಂಬಿದ ಬುಟ್ಟಿಯೂ ಬಂತು. ನಾನು ಬಾಗಿಲ ಹಿಂದೆ ಇದ್ದೆ. ಮಾವನವರು ಖಾಲಿ ಪೆಟ್ಟಿಗೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಅಂದರು, “ಏ ಪೆಟಗಿ, ಈ ಉಸುಕು ಚಂದಂಗ ತೊಳೀಬೇಕು ನೋಡು. ನೀರು ತಿಳಿ ಬರೂ ತನಕಾ ಬಿಡಬಾರ್ದು.”

“ಪೆಟಗಿ ಉಸುಕು ತೊಳೀತದೇನ್ರಿ?” ಎಂದು ಅತ್ತೆ ನಕ್ಕರು.

ಅವರು ಅಂಗಡಿಗೆ ಹೋದ ಮೇಲೆ ನಾನು ಬುಟ್ಟಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಎಷ್ಟು ತೊಳೆದರೂ ಕೆಂಪು ನೀರೇ. ಬಾವಿಯಿಂದ ಸೇದಿದೆ, ಸುರಿದೆ, ಮತ್ತೆ ಸೇದಿದೆ. ಹೊತ್ತು ಇಳಿಯುವಾಗ ನೀರು ತಿಳಿಯಾಯಿತು. ಆ ದಿನ ನನಗೆ ಹಸಿವಾಯಿತು.

ಮರಳು ಹಾಸಿ, ಹೊಳೆಯ ಪಾಚಿಗಿಡಗಳನ್ನು ನೆಟ್ಟು ನೀರು ತುಂಬಿದ ಮೇಲೆ ಮೀನು ಬರಬೇಕಷ್ಟೆ. ಬರಲಿಲ್ಲ. ಬಂದವರೆಲ್ಲ ನೋಡಿ, “ಸಾಹುಕಾರ್ರ, ನೀರು ಸಾಕಾಕತ್ತೀರೇನು?” ಎಂದು ಚೇಷ್ಟೆ ಮಾಡಿ ಹೋಗುತ್ತಿದ್ದರು. ಮಾವನವರು ಮಾತ್ರ ಅವಸರ ಪಡಲಿಲ್ಲ. “ನೀರು ಹದಕ್ಕ ಬರಬೇಕ್ರಿ. ಗಿಡ ಬೇರು ಬಿಡಬೇಕು. ಹಸೀ ಗ್ವಾಡಿ ಮನ್ಯಾಗ ಬಾಣಂತಿ ಇಡ್ತಾರೇನು?” ಅಂದವರು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಬಾಗಿಲ ಕಡೆ ನೋಡಿದರು.

ಕೊನೆಗೆ ಸೊಲ್ಲಾಪುರದ ಮೀನಿನ ಅಂಗಡಿಯವನಿಗೆ ಅವರು ಇಟ್ಟ ಬೇಡಿಕೆ ಇದು: “ನಮ್ಮೂರ ನೀರಾಗ ಬ್ಯಾಳಿನೂ ಬೇಯಂಗಿಲ್ಲ. ಅಂಥಾ ನೀರಾಗ ಬದುಕೂವು ಕೊಡಪಾ.” ಅವನು ಗಡಸು ನೀರು ತಡೆಯುವ ಗಪ್ಪಿ, ಕರಿ ಮೋಲಿ ಎಂಬ ಸಣ್ಣ ಮೀನುಗಳನ್ನು ಕೊಟ್ಟ. ತಳದಲ್ಲಿ ಇರಲೆಂದು ಇವರೇ ಭೀಮಾ ನದಿಯ ಸಣ್ಣ ಮೀಸೆಯ ಮೀನುಗಳನ್ನು ಬೆಸ್ತರಿಂದ ತಂದರು. ಮೇಲೆ ಆಡುವವು, ನಡುವೆ ಆಡುವವು, ತಳ ಹಿಡಿಯುವವು. ಸಂಬಂಧ ಕುದುರಿಸುವಾಗಲೂ ಅವರು ಇಷ್ಟು ವಿಚಾರ ಮಾಡಿರಲಿಕ್ಕಿಲ್ಲ. “ಒಬ್ಬರ ಜಾಗಾಕ್ಕ ಒಬ್ಬರು ನುಗ್ಗಬಾರ್ದು. ಅಂದ್ರನ ಕೂಡಿ ಬಾಳ್ವೆ ಆಗೂದು,” ಅನ್ನುತ್ತಿದ್ದರು, ಅತ್ತೆಗೆ ಕೇಳುವ ಹಾಗೆ.

ಆಮೇಲೆ ನಮ್ಮ ಮಾತುಕತೆ ಮೀನಿನ ಮೂಲಕ ಶುರುವಾಯಿತು. ಬೆಳಿಗ್ಗೆ ಪೆಟ್ಟಿಗೆಯ ಮುಂದೆ ನಿಂತು ಅವರು ಕೇಳುವರು, “ಏನ್ರಪಾ, ನಿಮ್ಮ ಅವ್ವ ರಾತ್ರಿ ಉಂಡ್ಳೋ ಇಲ್ಲೋ?” ನಾನು ಬಾಗಿಲ ಹಿಂದಿನಿಂದ ಮೀನಿಗೇ ಉತ್ತರ ಕೊಡುವೆ, “ಉಂಡಾಳ ಅಂತ ಹೇಳ್ರಿ.” ಪದ್ಧತಿ ಮುರಿದ ಹಾಗೂ ಇಲ್ಲ, ಮಾತು ನಿಂತ ಹಾಗೂ ಇಲ್ಲ. ಅತ್ತೆಗೆ ತಮ್ಮ ಕೆಲಸ ಕಡಿಮೆಯಾದದ್ದಕ್ಕೆ ಸಿಟ್ಟೋ ಸಮಾಧಾನವೋ, ಹೇಳಲು ಬರುವುದಿಲ್ಲ.

ಆದರೆ ಮೀನುಗಳು ಅತ್ತೆಯ ಮನಸ್ಸನ್ನೂ ಒಲಿಸಿಕೊಂಡವು. ಕಾರ ಹುಣ್ಣಿಮೆಯ ದಿನ ಮನೆಯ ಎತ್ತುಗಳಿಗೆ ಹೋಳಿಗೆ ತಿನ್ನಿಸಿ ಬಂದವರು, ಇವೂ ಮನೆಯ ಜೀವಗಳೇ ಅಲ್ಲವೇ ಎಂದು ತುಪ್ಪ ಸವರಿದ ಹೋಳಿಗೆಯನ್ನು ಮುರಿದು ಪೆಟ್ಟಿಗೆಗೆ ಹಾಕಿದರು. ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ನೋಡಿದರೆ ನೀರಿನ ಮೇಲೆ ತುಪ್ಪದ ಪದರ, ಕೆಳಗೆ ಹೂರಣದ ರಾಡಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನನಗೆ ಏನಾಯಿತೋ, ಸೆರಗು ಜಾರಿದ್ದೂ ತಿಳಿಯದೆ ಅಂಗಡಿಯ ಬಾಗಿಲಿಗೆ ಓಡಿ, ಗಿರಾಕಿಗಳ ಎದುರೇ ಕೂಗಿದೆ. “ಮಾವಾರ, ಮೀನ ಸಾಯಾಕತ್ತಾವ, ಲಗೂನ ಬರ್ರಿ!”

ಅವರು ಅಳೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದು ಬಂದರು. ಹಳೆಯ ವೃತ್ತಪತ್ರಿಕೆಯನ್ನು ನೀರಿನ ಮೇಲೆ ಹಾಸಿ ಹಾಸಿ ತುಪ್ಪ ಎತ್ತಿದೆವು. ಅರ್ಧ ನೀರು ಚೆಲ್ಲಿ, ಹಂಡೆಯಲ್ಲಿ ಹಿಡಿದಿಟ್ಟಿದ್ದ ನೀರು ತುಂಬಿದೆವು. ಎರಡು ಗಪ್ಪಿ ಸತ್ತವು, ಉಳಿದವು ಉಳಿದವು. ಅತ್ತೆ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಮಾವನವರು ಬೈಯಲಿಲ್ಲ. ಅವತ್ತಿನಿಂದ ದನದ ಬಾನಿಯಲ್ಲಿ ಆಡುವ ಸೊಳ್ಳೆಯ ಹುಳುಗಳನ್ನು ಸೋಸಿ ಮೀನಿಗೆ ಹಾಕತೊಡಗಿದರು. ಜೀವಹಿಂಸೆ ಎಂದು ಅತ್ತೆ ಗೊಣಗಿದಾಗ, “ದೀಕ್ಷಾ ತಗೊಂಡೋರು ನಾವು. ಅವಕ್ಕ್ಯಾರು ದೀಕ್ಷಾ ಕೊಟ್ಟಾರ?” ಅಂದರು.

ಪಂಚಮಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನಾನು ಪಡಸಾಲೆಗೆ ಬಂದರೆ ಮಾವನವರು ಹೆಗಲ ಮೇಲಿನ ಶಲ್ಯವನ್ನು ಗಾಜಿಗೆ ಅಡ್ಡ ಹಿಡಿದು ನಿಂತಿದ್ದರು.

“ಈ ಕಡೆ ಬರಬ್ಯಾಡವ್ವಾ. ನೋಡಬ್ಯಾಡ. ಎಲ್ಲಾ ಗಂಡು ಮೀನ ಕೊಡಂತ ಹೇಳಿ ಹೇಳಿ ಬಂದಿದ್ದೆ ಅವಂಗ. ಮೋಸಾ ಮಾಡ್ಯಾನ.”

ಶಲ್ಯದ ಅಂಚಿನಿಂದ ನನಗೆ ಕಂಡಿತು. ಮೊಟ್ಟೆಯಿಡದೆ ಮರಿಯನ್ನೇ ಹೆರುವ ಜಾತಿಯ ಆ ಕರಿ ಮೀನು ಮರಿ ಹಾಕುತ್ತಿತ್ತು. ಹಾಕಿದ ಮರಿಗಳನ್ನು ದೊಡ್ಡ ಮೀನುಗಳು, ಹೆತ್ತ ಮೀನೂ ಸೇರಿ, ಬೆನ್ನಟ್ಟಿ ನುಂಗುತ್ತಿದ್ದವು. ಸೊಲ್ಲಾಪುರದ ಅಂಗಡಿಯಲ್ಲಿ ನಿಂತು, ಹೆರಿಗೆಯ ನೆರಳೂ ನನ್ನ ಕಣ್ಣಿಗೆ ಬೀಳಬಾರದೆಂದು ಇವರು ಗಂಡು ಮೀನುಗಳನ್ನೇ ಆರಿಸಿದ್ದರು ಎಂದು ಆಗ ನನಗೆ ತಿಳಿಯಿತು.

“ಬಾಜೂಕ ಸರೀರಿ ಮಾವಾರ,” ಅಂದೆ. ಚಹಾ ಸೋಸುವ ಜಾಲರಿ ತಂದೆ. ಪೆಪ್ಪರಮಿಂಟಿನ ಗಾಜಿನ ಬರಣಿಗೆ ಪೆಟ್ಟಿಗೆಯದೇ ನೀರು ತುಂಬಿಕೊಂಡು, ಗಿಡದ ಸಂದಿಯಲ್ಲಿ ಅಡಗಿದ್ದ ಮರಿಗಳನ್ನು ಒಂದೊಂದಾಗಿ ಎತ್ತಿ ಹಾಕಿದೆ. ಅವರು ಬರಣಿ ಹಿಡಿದುಕೊಂಡಿದ್ದರು.

ಅಣ್ಣ ಬಂದಾಗ ಅವರೇ ಮುಂದಾಗಿ ಹೇಳಿದರು. “ಕರಕೊಂಡು ಹೋಗ್ರಿ, ಜೋಕಾಲಿ ಆಡಿ ಬರ್ಲಿ. ಆದ್ರ ಹಬ್ಬಾ ಮುಗದ ಮರುದಿನಾನ ನಾ ಕರ್ಯಾಕ ಬರ್ತೇನಿ. ಮೀನ ಮರಿ ಆಕಿ ಕೈ ಬಿಟ್ರ ಯಾರ ಕೈಗೂ ಬದುಕೂದಿಲ್ಲ.” ಅತ್ತೆ ತಲೆ ತಗ್ಗಿಸಿ ನನ್ನ ಚೀಲಕ್ಕೆ ಉಂಡಿ ಕಟ್ಟಿಕೊಟ್ಟರು. ಹೇಳಿದ ದಿನವೇ ಮಾವನವರು ಅಂದೋಲಾದಲ್ಲಿ ಬಸ್ಸಿನಿಂದ ಇಳಿದರು. ಮುಂದೆ ನನಗೆ ಇಬ್ಬರು ಗಂಡುಮಕ್ಕಳಾದರು. ಇಬ್ಬರನ್ನೂ ಎತ್ತಿಕೊಂಡು ಅವರು ಆ ಪೆಟ್ಟಿಗೆಯ ಮುಂದೆಯೇ ತುತ್ತು ತಿನ್ನಿಸಿದರು.

ತೊಂಬತ್ತರ ದಶಕದಲ್ಲಿ ಅವರು ಲಿಂಗೈಕ್ಯರಾದಾಗ ಮಾತಾಡಿಸಲು ಬಂದವರೆಲ್ಲ ಒಂದೊಂದು ಉಪಕಾರ ನೆನೆದರು. ಒಬ್ಬರ ಮದುವೆಗೆ ಸೀರೆ ಕೊಟ್ಟಿದ್ದರು, ಇನ್ನೊಬ್ಬರ ಮಗನಿಗೆ ಶಾಲೆಯ ಅಂಗಿ ಹೊಲಿಸಿದ್ದರು. ನಾನು ಹೆಂಗಸರ ನಡುವೆ ತಲೆ ತುಂಬ ಸೆರಗು ಹೊದ್ದು ಕೂತಿದ್ದೆ. ನನಗೆ ಸಿಕ್ಕದ್ದು ಹಾಗೆ ಎಲ್ಲರ ಮುಂದೆ ಹೇಳುವಂಥದ್ದಾಗಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ಹೇಳಬಲ್ಲೆ.

ಕರಿ ಮೀನು ಮರಿ ಹಾಕಿದ ಆ ದಿನ, ಮರಿಗಳನ್ನೆಲ್ಲ ಎತ್ತಿ ಮುಗಿಸಿದ ಮೇಲೆ, ಮಾವನವರು ಬರಣಿಯನ್ನು ನೆಲಕ್ಕಿಟ್ಟು ಅಲ್ಲೇ ಕೂತರು. ಮೀನಿನ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದರು.

“ಅವ್ವಾ, ಅವತ್ತ ನಮ್ಮ ಕೂಸಿನ್ನ ಮಣ್ಣಿಗೆ ಒಯ್ದಾಂವ ನಾನ. ಅರಿವಿ ತಗದು ಮುಖಾ ನೋಡಾಕ ಧೈರ್ಯಾ ಆಗ್ಲಿಲ್ಲ. ನೀ ನೋಡೀಯಲ್ಲ. ಯಾರ್ಹಂಗಿತ್ತು?”

“ನಿಮ್ಹಂಗ್ರೀ,” ಅಂದೆ. “ಹುಬ್ಬು ಕೂಡಿದ್ವು.”

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅವರ ಎದುರಿಗೆ ನೆಲದ ಮೇಲೆ ಕೂತು ಅತ್ತೆ. ಆ ಮನೆಯಲ್ಲಿ ನನ್ನ ಮಗಳಿಗಾಗಿ ಇಬ್ಬರು ಕೂಡಿ ಅತ್ತದ್ದು ಅದೇ ಮೊದಲು.