ಅರವತ್ತೊಂದನೆಯ ಗರಿ

ಪ್ರಬಂಧವನ್ನು ಮಂಗಳವಾರ ಸಲ್ಲಿಸಬೇಕಿತ್ತು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ರಾಜಾಜಿನಗರದ ನನ್ನ ಕೋಣೆಯಲ್ಲಿ ಕೃತಜ್ಞತೆಯ ಪುಟ ಬರೆಯಲು ಕುಳಿತೆ. ಕೆಂಗೇರಿಯ ಮೇಷ್ಟ್ರ ಮನೆಗೆ ಎಷ್ಟು ಭಾನುವಾರ ಹೋಗಿದ್ದೆನೆಂದು ಸರಿಯಾಗಿ ಹೇಳೋಣವೆನಿಸಿ ಕಳೆದ ವರ್ಷದ, ಅಂದರೆ ೧೯೬೩ರ ದಿನಚರಿ ತೆಗೆದು ಎಣಿಸಿದೆ. ಹದಿನೇಳು. ಎಣಿಸದೆ ‘ಹಲವು’ ಎಂದು ಬರೆದು ಮುಗಿಸಿದ್ದರೆ ಆ ರಾತ್ರಿಯೂ ಎಂದಿನಂತೆ ನಿದ್ದೆ ಮಾಡುತ್ತಿದ್ದೆ.

ಮೇಷ್ಟ್ರು ಎಂದರೆ ಪ್ರೈಮರಿ ಶಾಲೆಯಿಂದ ನಿವೃತ್ತರಾಗಿದ್ದ ವೃದ್ಧರು. ಅವರ ದೇವರ ಕೋಣೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟು ಇತ್ತು. ಒಟ್ಟು ನೂರ ಹದಿನೆಂಟು ಗರಿ. ಅದರಲ್ಲಿದ್ದ ಹಳಗನ್ನಡ ಕಾವ್ಯವನ್ನು ತಮ್ಮ ಮನೆತನದ ಮೂಲಪುರುಷರೇ ಬರೆದದ್ದೆಂದು ಅವರು ನಂಬಿದ್ದರು. ಬೇರೆಲ್ಲಿಯೂ ಅದರ ಪ್ರತಿ ಇರಲಿಲ್ಲ. ಕಟ್ಟು ಮನೆ ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ನಾನೇ ರೈಲಿನಲ್ಲಿ ಹೋಗಿ ಜಗಲಿಯಲ್ಲಿ ಕುಳಿತು ನಕಲು ಮಾಡುತ್ತಿದ್ದೆ.

ಕಾವ್ಯದ ಕಾಲವನ್ನು ನಿರ್ಣಯಿಸುವುದು ನನ್ನ ಎಂ.ಎ. ಪ್ರಬಂಧದ ವಿಷಯ. ಅದಕ್ಕೆ ನಾನು ಹಿಡಿದ ದಾರಿ ಒಂದು ಅಕ್ಷರದ ಎಣಿಕೆ. ಹಳೆಯ ಕನ್ನಡದಲ್ಲಿ ‘ೞ’ ಎಂಬ ಅಕ್ಷರ ಇತ್ತು. ಪೊೞಲ್, ಬಾೞ್ ಎಂಬಂಥ ಪದಗಳಲ್ಲಿ ಬರುತ್ತಿತ್ತು. ಕಾಲ ಕಳೆದಂತೆ ಅದರ ಜಾಗಕ್ಕೆ ‘ಳ’ ಬಂದು ಕೂತಿತು. ೞ ಹೆಚ್ಚಿದ್ದರೆ ಕಾವ್ಯ ಹಳೆಯದು, ಕಡಿಮೆಯಿದ್ದರೆ ಈಚಿನದು. ನಕಲು ಮುಗಿದು ಮೂರು ತಿಂಗಳಾದ ಮೇಲೆ ಎಣಿಸಿದೆ. ಮೊದಲ ಅರವತ್ತು ಗರಿಗಳಲ್ಲಿ ಮುನ್ನೂರ ತೊಂಬತ್ತೆರಡು ಸಿಕ್ಕವು. ಅರವತ್ತೊಂದರಿಂದ ಕೊನೆಯವರೆಗೆ ಒಂದೂ ಇರಲಿಲ್ಲ.

ಅಂದರೆ ಕವಿಗಳು ಇಬ್ಬರು. ಮೊದಲಿನವನು ಅರ್ಧಕ್ಕೆ ಬಿಟ್ಟದ್ದನ್ನು ಬಹಳ ಕಾಲದ ಮೇಲೆ ಇನ್ನೊಬ್ಬ ಮುಗಿಸಿದ್ದಾನೆ. ನನ್ನ ನಾಲ್ಕನೆಯ ಅಧ್ಯಾಯ ಇದೇ. ಮಾರ್ಗದರ್ಶಕರಾದ ಪ್ರೊಫೆಸರು ಓದಿ, “ಮೊದಲ ದರ್ಜೆ ಕಣಯ್ಯ ಇದು,” ಎಂದಿದ್ದರು. ಜನವರಿಯಲ್ಲಿ ಕೆಂಗೇರಿಗೆ ಹೋಗಿ ಮೇಷ್ಟ್ರಿಗೂ ಹೇಳಿ ಬಂದಿದ್ದೆ. ಅವರು ಎಳ್ಳುಬೆಲ್ಲದ ತಟ್ಟೆಯನ್ನು ನನ್ನ ಕಡೆ ಸರಿಸಿ, “ಎಲ್ಲಿಂದ ಬೇರೆಯೋರದು?” ಎಂದು ಒಂದೇ ಮಾತು ಕೇಳಿದರು. ಅರವತ್ತೊಂದರಿಂದ ಎಂದೆ.

ಆ ಶುಕ್ರವಾರ ದಿನಚರಿಯಲ್ಲಿ ಕಣ್ಣಿಗೆ ಬಿದ್ದದ್ದು ಇಷ್ಟು. ಮೊದಲ ಹನ್ನೆರಡು ಭಾನುವಾರ, ದಿನಕ್ಕೆ ಐದೈದು ಗರಿ. ಹದಿಮೂರನೆಯ ಭಾನುವಾರ ಹೀಗೆ ಬರೆದಿದ್ದೆ: ‘ಕಣ್ಣುಬೇನೆ. ಗರಿಯ ಗೀರು ಕಾಣುತ್ತಿಲ್ಲ. ಮೇಷ್ಟ್ರು ಓದಿದರು, ನಾನು ಬರೆದೆ. ಹನ್ನೆರಡು ಗರಿ. ಆಮೇಲೆ ಹೋಲಿಸಬೇಕು.’

ಅಂದಿನ ಮಾತು ನೆನಪಾಯಿತು. “ಏನಯ್ಯಾ ಇದು, ಕಣ್ಣು ಕೆಂಡ ಆಗಿದೆ! ನನ್ನ ಕಡೆ ನೋಡ್ಬೇಡ, ನಂಗೂ ಅಂಟಿಸ್ತೀಯ. ಆ ಕಡೆ ತಿರುಗಿ ಕೂತ್ಕೊ, ನಾನು ಓದ್ತೀನಿ,” ಎಂದಿದ್ದರು ಮೇಷ್ಟ್ರು. ಒಳಗಿನಿಂದ ಅವರ ಸೊಸೆ, “ಮಾವಯ್ಯಂಗೆ ಮತ್ತೆ ಸ್ಕೂಲು ಸಿಕ್ತು. ಕಾಗುಣಿತ ತಪ್ಪಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಾರೆ, ಹುಷಾರು,” ಎಂದು ನಕ್ಕಿದ್ದರು.

ಮುಂದಿನ ವಾರ ಕಣ್ಣು ವಾಸಿಯಾಯಿತು. ಆದರೂ ಹಾಗೆಯೇ ಮುಂದುವರಿಸಿದೆ. ಐದರ ಜಾಗದಲ್ಲಿ ದಿನಕ್ಕೆ ಹನ್ನೊಂದು, ಹನ್ನೆರಡು ಗರಿ ಮುಗಿಯುತ್ತಿತ್ತು. ಆ ಅಂಕಿ ನೋಡಿ ನನಗೆ ಖುಷಿಯಾಗುತ್ತಿತ್ತು. ಹನ್ನೆರಡೈದಲಿ ಅರವತ್ತು. ಮೇಷ್ಟ್ರು ಓದತೊಡಗಿದ್ದು ಅರವತ್ತೊಂದನೆಯ ಗರಿಯಿಂದ.

ೞ ಈಗ ಯಾರ ಬಾಯಲ್ಲೂ ಇಲ್ಲ. ಗರಿಯಲ್ಲಿ ಪೊೞಲ್ ಎಂದಿದ್ದರೂ ಮೇಷ್ಟ್ರು ಪೊಳಲ್ ಎಂದೇ ಓದುತ್ತಾರೆ. ಕಿವಿಗೆ ಬಿದ್ದಂತೆ ಬರೆಯಬೇಕು, ಸ್ವಂತ ತಿದ್ದುಪಡಿ ಕೂಡದು ಎಂಬುದು ನನ್ನ ನಿಯಮ. ಹಾಗೆಯೇ ಬರೆದೆ. ಹೋಲಿಸುವುದನ್ನು ಮರೆತೆ.

ಶನಿವಾರ ಬೆಳಗಿನ ರೈಲು ಹಿಡಿದೆ. ಅರವತ್ತೊಂದನೆಯ ಗರಿಯನ್ನು ಒಮ್ಮೆ ನೋಡಿದರೆ ಸಾಕಿತ್ತು. ಅದರಲ್ಲಿ ೞ ಇಲ್ಲದಿದ್ದರೆ ನನ್ನ ಅಧ್ಯಾಯ ಉಳಿಯುತ್ತದೆ. ಇದ್ದರೆ ಇಬ್ಬರು ಕವಿಗಳೂ ಇಲ್ಲ, ಮೊದಲ ದರ್ಜೆಯೂ ಇಲ್ಲ. ದಾರಿಯುದ್ದಕ್ಕೂ ಅದು ಇರದಿರಲಿ ಎಂದೇ ಬೇಡಿಕೊಂಡೆ.

ಮೇಷ್ಟ್ರು ಜಗಲಿಯಲ್ಲಿದ್ದರು. ಕೇಳಿದ ತಕ್ಷಣ ಕಟ್ಟು ತಂದು ಮುಂದಿಟ್ಟರು. ಕೆಂಪು ಬಟ್ಟೆ ಅದೇ, ಗಂಟು ಮಾತ್ರ ಚಿಕ್ಕದಾಗಿತ್ತು. ಬಿಚ್ಚಿ ಎಣಿಸಿದೆ. ಅರವತ್ತು.

“ಉಳಿದದ್ದು, ಮೇಷ್ಟ್ರೇ?”

“ನೀನೇ ಹೇಳಿದ್ಯಲ್ಲಯ್ಯ, ನಮ್ಮೋರದ್ದಲ್ಲ ಅಂತ. ಹಿರೀಕರ ಹೆಸರಲ್ಲಿ ಪೂಜೆ ಮಾಡೋ ಕಟ್ಟು ಇದು. ಗೊತ್ತಾದ ಮೇಲೂ ಬೇರೆಯೋರದಕ್ಕೆ ಹೂ ಏರಿಸೋದು ಹೆಂಗೆ? ಅಮಾವಾಸ್ಯೆ ದಿನ ಹೊಳೆಗೆ ಬಿಟ್ಟೆ.”

ವೃಷಭಾವತಿ ಅವರ ಮನೆಯಿಂದ ಎರಡು ಗದ್ದೆಯಾಚೆ. ಹೋಗಿ ನೋಡಿದೆ. ತಿಂಗಳ ಹಿಂದೆ ಬಿಟ್ಟ ಗರಿ ಕಾಣುವುದುಂಟೆ? ತಿಳಿನೀರಿನ ಅಡಿಯಲ್ಲಿ ಬರೀ ಮರಳು. ಹಿಂದಿರುಗಿ ಬಂದಾಗ ಮೇಷ್ಟ್ರು ಅದೇ ಜಾಗದಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರೆದುರು ಕುಳಿತು ಎಲ್ಲವನ್ನೂ ಹೇಳಿದೆ: ಕಣ್ಣುಬೇನೆ, ಅವರ ಓದು, ನನ್ನ ಕಿವಿ, ಇಬ್ಬರು ಕವಿಗಳು ಹುಟ್ಟಿಕೊಂಡ ಬಗೆ.

ಅವರು ಕಟ್ಟಿಗೆ ಮತ್ತೆ ಬಟ್ಟೆ ಸುತ್ತತೊಡಗಿದರು.

“ಅಂದ್ರೆ ಎಲ್ಲಾ ನಮ್ಮಜ್ಜಂದೇ ಇರಬೌದು ಅಂತೀಯ.”

“ಇರಬಹುದು. ಈಗ ನೋಡೋಕೆ ಗರಿ ಇಲ್ವಲ್ಲ, ಮೇಷ್ಟ್ರೇ.”

“ಗರಿ ಇಲ್ಲ ಅಂದ್ಮೇಲೆ ನೀನು ಬರೆದದ್ದು ಸುಳ್ಳು ಅನ್ನೋಕೂ ಆಗಲ್ಲ ಅಲ್ವಾ?”

ಆಗಲ್ಲ ಎಂದೆ.

“ಹಂಗಾದ್ರೆ ಇಬ್ಬರು ಅಂತಲೇ ಇರ್ಲಪ್ಪ. ತಿದ್ದಬೇಡ.” ಅವರ ಬೆರಳು ಬಟ್ಟೆಯ ಗಂಟನ್ನು ಬಿಗಿ ಮಾಡುತ್ತಲೇ ಇತ್ತು. “ಒಬ್ಬನೇ ಅಂತ ನೀನು ಬರೆದ್ರೆ, ನಾನು ಯಾರನ್ನ ನೀರಿಗೆ ಬಿಟ್ಟೆ ಅಂತಾಯ್ತು? ಹೇಳು.”

ಸೊಸೆ ತಂದಿಟ್ಟ ಮಜ್ಜಿಗೆಯನ್ನು ಇಬ್ಬರೂ ಮುಟ್ಟಲಿಲ್ಲ.

ಭಾನುವಾರವೂ ಸೋಮವಾರವೂ ಪ್ರಬಂಧದ ಮೂರು ಪ್ರತಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ನಾಲ್ಕನೆಯ ಅಧ್ಯಾಯ ಇಪ್ಪತ್ತಾರು ಪುಟ. ಮೇಷ್ಟ್ರಿಗೋಸ್ಕರ ಅದನ್ನು ಹಾಗೆಯೇ ಬಿಡುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ಸುಲಭವಾಗಿತ್ತು. ಅವರು ಹಾಗೆ ಕೇಳದಿದ್ದರೂ ನಾನು ಅದನ್ನು ಕಿತ್ತುಹಾಕುತ್ತಿದ್ದೆನೇ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರೂ ಪ್ರತಿಗಳನ್ನು ಇದ್ದಂತೆಯೇ ಸಲ್ಲಿಸಿದೆ.

ನಿನ್ನೆ ಪ್ರೊಫೆಸರು ಕರೆಸಿದ್ದರು. ತುಂಬ ಗೆಲುವಾಗಿದ್ದರು.

“ಪರೀಕ್ಷಕರು ನಾಲ್ಕನೇ ಅಧ್ಯಾಯನ ಮೆಚ್ಕೊಂಡಿದಾರೆ ಕಣಯ್ಯ. ಮೌಖಿಕ ಪರೀಕ್ಷೆಗೆ ಬರೋವಾಗ ಗರಿಗಳನ್ನ ಒಂದ್ಸಲ ಕಣ್ಣಾರೆ ನೋಡ್ಬೇಕಂತೆ. ಮೊದಲ ಭಾಗ ಬೇಡ, ಅರವತ್ತೊಂದರಿಂದ ತಂದ್ರೆ ಸಾಕು. ಆ ಮೇಷ್ಟ್ರು ಕೊಡಲ್ಲ ಅಂದ್ರೆ ಅವರನ್ನೇ ಕರ್ಕೊಂಡು ಬಾ.”

ಆಗಲಿ ಸಾರ್ ಎಂದೆ. ಇನ್ನು ಒಂಬತ್ತು ದಿನ ಇದೆ.