ಚೌಕಟ್ಟು ಮಾವ

ನಮ್ಮ ಬೀದಿಯ ಸ್ಟುಡಿಯೋ ಯಜಮಾನರನ್ನು ಎಲ್ಲರೂ ಕರೆಯುವುದು ಚೌಕಟ್ಟು ಮಾವ ಎಂದೇ. ಫೋಟೋದಲ್ಲಿ ಮುಖ ನಟ್ಟನಡುವೆ ಇರಕೂಡದು, ತಲೆಯ ಮೇಲೆ ಎರಡು ಬೆರಳು ಜಾಗ ಬೇಕು, ಕೈ ಅರ್ಧಕ್ಕೆ ತುಂಡಾಗಬಾರದು. ಇವು ಅವರ ಶಾಸನ. ನೆಂಟರ ಮನೆಗೆ ಹೋದರೂ ಮೊದಲು ಗೋಡೆಯ ಪಟಗಳನ್ನು ನೆಟ್ಟಗೆ ಮಾಡಿ ಆಮೇಲೆ ಕ್ಷೇಮ ವಿಚಾರಿಸುತ್ತಾರೆ. "ಗದ್ದ ಒಂಚೂರು ಎಡಕ್ಕೆ, ಅಲ್ಲಾಡ್ಬೇಡಿ!" ಎಂದರೆ ಮದುಮಕ್ಕಳಿರಲಿ, ಗಡಿಯಾರವೂ ಉಸಿರು ಬಿಗಿಹಿಡಿಯಬೇಕು. ಅಂಥವರು ಒಮ್ಮೆ ಶಾಸನ ಮುರಿದದ್ದನ್ನು ನಾನೇ ಕಂಡೆ. ಹುಟ್ಟಿನಿಂದ ಕಣ್ಣು ಕಾಣದ ಮಗಳನ್ನು ತಾಯಿಯೊಬ್ಬಳು ಕರೆತಂದಿದ್ದಳು. ಸ್ಟೂಲಿನ ಮೇಲೆ ಕೂತ ಹುಡುಗಿ, "ಮಾವ, ಎಲ್ಲಿದ್ದೀರಿ ನೀವು?" ಎಂದು ನಗುತ್ತಾ ಮುಂದಕ್ಕೆ ಕೈ ಚಾಚಿದಳು. ಮಾವ ಆ ಗಳಿಗೆಯಲ್ಲೇ ಕ್ಲಿಕ್ಕಿಸಿಬಿಟ್ಟರು. ಕ್ಯಾಮೆರಾದ ಪರದೆಯ ಮೇಲೆ ಮಣಿಕಟ್ಟಿಗೇ ತುಂಡಾದ ಕೈ, ಅರ್ಧ ಪಟ ತುಂಬಿದ ಮಸುಕು ಬೆರಳುಗಳು, ಅವುಗಳ ಸಂದಿಯಲ್ಲಿ ದೀಪ ಹಚ್ಚಿಟ್ಟಂಥ ನಗು. "ಅಯ್ಯೋ, ಕೈ ಅಡ್ಡ ಬಂತಲ್ಲ! ಇನ್ನೊಂದು ತೆಗೀರಿ," ಎಂದಳು ತಾಯಿ. "ಅಡ್ಡ ಅಲ್ಲಮ್ಮ," ಎಂದರು ಮಾವ, "ಇಲ್ಲಿ ಕೂತೋರೆಲ್ಲ ಕ್ಯಾಮೆರಾನೇ ನೋಡಿದ್ದು. ನನ್ನನ್ನ ನೋಡಿದ್ದು ಇವಳೊಬ್ಬಳೇ."