ಸವೆದ ಹೆಬ್ಬೆಟ್ಟು

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಸಹಿಯ ಜಾಗದಲ್ಲಿ ಎಲ್ಲಿಯೂ ಹೆಬ್ಬೆಟ್ಟು ಒತ್ತಿದವನಲ್ಲ. ನಮ್ಮ ಶಹಾಪುರದ ಕಡೆ ಓದು ಬಾರದವನನ್ನು ‘ಹೆಬ್ಬೆಟ್ಟು’ ಎಂದೇ ಹಂಗಿಸುತ್ತಾರೆ. ಆ ಮಾತು ನನ್ನ ಮೇಲೆ ಬರಬಾರದೆಂದು, ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಗೋಡೆಗೆ ಮೆತ್ತಿದ ಹಸಿ ಗಿಲಾವಿನ ಮೇಲೆ ಮೊಳೆಯಿಂದ ಗೀಚಿ ಗೀಚಿ ಸಹಿ ಕಲಿತೆ. ಬ್ಯಾಂಕಿನಲ್ಲಿ ಮಸಿಯ ಡಬ್ಬಿ ನನ್ನ ಕಡೆ ಬಂದರೆ ಅದನ್ನು ಅತ್ತ ಸರಿಸಿ ಪೆನ್ನು ಕೇಳುತ್ತಿದ್ದೆ.

ಅಂಥವನಿಗೆ ಹೈದರಾಬಾದಿನ ವೀಸಾ ಕಚೇರಿಯಲ್ಲಿ ಬೆರಳು ಒತ್ತು ಎಂದರು. ಸೌದಿಯಲ್ಲಿ ಟೈಲ್ಸ್ ಕೂಡಿಸುವ ಕೆಲಸ. ತಂಗಿಯ ಗಂಡ ಅಲ್ಲಿ ಮೇಸ್ತ್ರಿ, ಅವನೇ ಮಾತಾಡಿ ಜಾಗ ಹಿಡಿದಿದ್ದ. ಗಾಜಿನ ಮೇಲೆ ಬೆರಳಿಟ್ಟೆ. ಕೆಂಪು ದೀಪ. ಒರೆಸಿ ಇಟ್ಟೆ. ಮತ್ತೆ ಕೆಂಪು. ಅಲ್ಲಿ ಕೂತಿದ್ದ ಹುಡುಗಿ ನನ್ನ ಕೈ ತಿರುಗಿಸಿ ನೋಡಿದಳು. ಸಿಮೆಂಟ್ ಗೆರೆಗಳನ್ನೆಲ್ಲ ತಿಂದುಬಿಟ್ಟಿದೆ, ಕೆಲಸ ನಿಲ್ಲಿಸಿ ಎಣ್ಣೆ ಹಚ್ಚಿಕೊಳ್ಳಿ, ಚರ್ಮ ಬೆಳೆದ ಮೇಲೆ ಬನ್ನಿ ಎಂದು ಹಿಂದಿಯಲ್ಲಿ ಹೇಳಿದಳು. ತಿಂಗಳು ಮುಗಿಯುವುದರೊಳಗೆ ಆಗದಿದ್ದರೆ ಜಾಗ ಇನ್ನೊಬ್ಬನ ಪಾಲು ಎಂದು ನನ್ನನ್ನು ಕರೆತಂದಿದ್ದ ಏಜೆಂಟ ಹೊರಗೆ ಬಂದಕೂಡಲೇ ಹೇಳಿದ.

ಮನೆಗೆ ಬಂದು ಕೂತೆ. ಕೂತೆ ಎನ್ನುವುದೂ ಸುಳ್ಳು. ಅಂಗಳಕ್ಕೆ ಹೋಗುವುದು, ಒಳಗೆ ಬರುವುದು, ಮತ್ತೆ ಅಂಗಳ. ಎರಡೂ ಕೈಗೆ ಕೊಬ್ಬರಿ ಎಣ್ಣೆ, ಮೇಲೆ ಹಳೆ ಬನಿಯನ್ನಿನ ಬಟ್ಟೆ. ಚಹಾದ ಕಪ್ಪು-ಬಸಿ ಹಿಡಿದರೆ ಜಾರುತ್ತಿತ್ತು. ಪಾಸ್‌ಪೋರ್ಟಿಗೆ ಎಣ್ಣೆ ಹತ್ತುತ್ತದೆಂದು ಹೆಂಡತಿ ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು. ಬ್ಯಾಗು ತುಂಬುವುದೂ ಅವಳ ಕೆಲಸವೇ ಆಯಿತು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಎಲ್ಲಿಡಬೇಕು, ಅಂಗಿ ಎಲ್ಲಿಡಬೇಕು ಎಂದು ನಾನು ಗದ್ದದಿಂದ ತೋರಿಸುತ್ತಿದ್ದೆ. ಅವಳು ತನಗೆ ತಿಳಿದಲ್ಲಿ ಇಡುತ್ತಿದ್ದಳು.

ನನ್ನ ಜೋಡಿ ಕೆಲಸ ಮಾಡುತ್ತಿದ್ದ ಗೆಳೆಯ ದಿನಾ ಮುಂಜಾನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒದರುತ್ತಿದ್ದ.

"ಏನವಾ ಬಾಣಂತಿ, ಎಣ್ಣಿ-ನೀರ ಆತೇನು? ಹೊರಸಿನ ಬುಡಕ ಕೆಂಡ ಇಡಾಕ ಹೇಳ್ಲೇನು?"

"ಹೋಗಲೇ. ನೀ ಕಟ್ಟಿದ ಗ್ವಾಡಿ ಸೊಟ್ಟ ಆಗ್ಯದಂತ, ಮೊದಲ ಅದನ್ನ ನೋಡ್ಕೋ."

"ಗ್ವಾಡಿ ಸೊಟ್ಟಾದ್ರೂ ನನ್ನ ಕೈ ಬಟ್ಟರ ನೆಟ್ಟಗ ಅದಾವ ನೋಡು!"

ಅವನ ಗಾಡಿಯ ಸದ್ದು ಓಣಿ ದಾಟುವವರೆಗೂ ನನ್ನ ಕಾಲು ನಿಲ್ಲುತ್ತಿರಲಿಲ್ಲ.

ಊರಿನ ಎಷ್ಟೋ ಮನೆಗಳಿಗೆ ಫರಸಿ ಕಲ್ಲು ಹಾಸಿದ್ದೇನೆ. ನಮ್ಮ ಬಚ್ಚಲಿನ ನೆಲ ಮಾತ್ರ ಒಡೆದು ನೀರು ನಿಲ್ಲುತ್ತಿತ್ತು. ಹೋಗುವ ಮೊದಲು ಮಾಡಿಕೊಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ, ಕಲ್ಲು ತಂದು ಗೋಡೆಗೆ ಆನಿಸಿಯೂ ಆಗಿತ್ತು. ಒಂದು ಮುಂಜಾನೆ ತಡೆಯಲಾರದೆ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ಸಿಮೆಂಟ್ ಚೀಲಕ್ಕೆ ಕೈ ಹಾಕಿದೆ. ಅವಳು ಓಡಿ ಬಂದು ಮಣಿಕಟ್ಟು ಹಿಡಿದಳು.

"ಕೈ ತಗೀರಿ! ಏನ ಮಾಡಾಕತ್ತೀರಿ? ನಿಮ್ಮ ಬದಲಿ ಸೌದಿಗೆ ನಾ ಹೋಗ್ಲೇನು?"

"ಬಚ್ಚಲ ಹಿಂಗ ಬಿಟ್ಟು ಹೆಂಗ ಹೋಗ್ಲಿ?"

"ಬಾಯಿ ಅದ ಅಲ್ಲ ನಿಮಗ? ಹೇಳ್ರಿ, ನಾ ಮಾಡ್ತೀನಿ."

ನಮ್ಮಲ್ಲಿ ಹೆಂಗಸರು ಉಸುಕಿನ ಪುಟ್ಟಿ ಹೊರುತ್ತಾರೆ, ಸಿಮೆಂಟಿನ ಮಾಲು ಕಲಸಿ ಕೊಡುತ್ತಾರೆ. ಅದನ್ನು ಬಳಿಯುವ ಕರಣಿ ಮಾತ್ರ ಗಂಡಸರ ಕೈಯಲ್ಲಿ. ಮದುವೆಯ ಹೊಸದರಲ್ಲಿ ನನ್ನ ಕೈಕೆಳಗೆ ಪುಟ್ಟಿ ಹೊತ್ತ ಅವಳೂ ಅದನ್ನು ಮುಟ್ಟಿದವಳಲ್ಲ. ಅವತ್ತು ಸೀರೆ ಎತ್ತಿ ಕಟ್ಟಿ, ನನ್ನ ಕರಣಿಯನ್ನೇ ಹಿಡಿದು ಕೂತಳು. ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕೈ ಎರಡೂ ಎದೆಗೆ ಹಚ್ಚಿಕೊಂಡು.

"ಬಡಿ, ಬಡಿ. ಅಲ್ಲಲ್ಲ, ನಡುವ ಬ್ಯಾಡ, ಮೂಲ್ಯಾಗ ಬಡಿ."

"ಒದರಬ್ಯಾಡ್ರಿ. ನಾ ಕಿವುಡಿ ಅಲ್ಲ."

ನಡುವಿನ ಕಲ್ಲಿನ ಒಂದು ಮೂಲೆ ಎದ್ದು ನಿಂತಿತು. ಎಬ್ಬಿಸಿ ಮತ್ತೆ ಕೂಡಿಸು ಎಂದೆ. ಅವಳು ಕೇಳಲಿಲ್ಲ. ಮೂರನೆಯ ದಿನ ನೆಲ ಗಟ್ಟಿಯಾದ ಮೇಲೆ ಒಂದು ಚೆಂಬು ನೀರು ಸುರಿದಳು. ನೀರು ಆ ಮೂಲೆ ಸುತ್ತಿಕೊಂಡು ಮೋರಿಗೆ ಹರಿಯಿತು.

"ನೀರ ಹೊಂಟದ ಇಲ್ಲೋ?"

"ಹೊಂಟದ."

"ಮತ್ತ?"

ಖುಷಿಯಾಗಬೇಕಿತ್ತು, ಆಗಲಿಲ್ಲ. ನಾನು ಕೈ ಹಚ್ಚದೆಯೇ ನಮ್ಮ ಮನೆಯ ಕೆಲಸ ಮುಗಿದಿತ್ತು.

ತಿಂಗಳ ಕೊನೆಗೆ ಯಾದಗಿರಿಯಿಂದ ಹೈದರಾಬಾದಿನ ರೈಲುಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕಂಬಿ ಹಿಡಿಯದೆ, ಕೈಗಳನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಅದೇ ಕಚೇರಿ, ಅದೇ ಹುಡುಗಿ. ಉಳಿದ ಬೆರಳುಗಳು ಒಂದೊಂದಾಗಿ ಹಸಿರು ದೀಪ ತಂದವು. ಬಲಗೈ ಹೆಬ್ಬೆಟ್ಟು ಹಟ ಹಿಡಿಯಿತು. ಹಣೆಯ ಜಿಡ್ಡಿಗೆ ಗೆರೆ ಮೂಡುತ್ತದೆ, ಅದನ್ನು ಹಣೆಗೆ ಒರೆಸಿಕೊಂಡು ಇಡಿ ಎಂದಳು. ಹಣೆಯ ತುಂಬ ಬೆವರು. ಒರೆಸಿ, ಉಸಿರು ಬಿಗಿಹಿಡಿದು ಒತ್ತಿದೆ. ಹಸಿರು.

ಸ್ಟೇಷನ್ನಿಗೆ ಬಂದು ಮನೆಗೆ ಫೋನು ಹಚ್ಚಿದೆ.

"ಆತೇನ್ರಿ?"

"ಆತು."

ಹಗಲೆಲ್ಲ ನನ್ನ ಕೈ ಕಾದವಳು ಅವಳೇ, ಎಣ್ಣೆ ತಿಕ್ಕಿದವಳೂ ಅವಳೇ.

"ಹಂಗಾರ ಹೋಗೂದು ಖರೇನ," ಎಂದಳು.

"ಖರೇನ," ಎಂದೆ.

ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಬೆಂಚು ಖಾಲಿ ಇದ್ದರೂ ಕೂರಲಾಗಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ, ಅಲ್ಲಿಂದ ತಿರುಗಿ ಮತ್ತೆ ನಡೆದೆ.